ಹಳದಿ ದೀಪದ ಹಿಂದಿನ ತಂತಿ
(ರೋಣ, ನರಗುಂದ, ಗಜೇಂದ್ರಗಡ ಭಾಗದ ವಾಹನ ಚಾಲಕರು ಮತ್ತು ಮೆಕ್ಯಾನಿಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಕಾರಿನ ತಂತಿಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅಲ್ಲಿ ಹೊಗೆಯಿಲ್ಲದೆ ವಿದ್ಯುತ್ತು ಹುಟ್ಟುತ್ತದೆ. ಅದೇ ಗುಡ್ಡದ ಬುಡದ ಪೇಟೆಯಲ್ಲಿ ವಾಹನಗಳು ಉಗುಳುವ ಹೊಗೆಯನ್ನು ನಾವೇ ಉಸಿರಾಡುತ್ತೇವೆ. ಈ ಹೊಗೆಯ ಒಂದು ಪಾಲು ಎರಡು ತಂತಿಗಳ ಒಂದು ಸಣ್ಣ ದೋಷದಿಂದ ಬರುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಪೆಟ್ರೋಲು ಕಾರಿನ ಸೈಲೆನ್ಸರ್ ಕೊಳವೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾದ ಆಮ್ಲಜನಕ ಸಂವೇದಕವೊಂದು ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಆಕ್ಸಿಜನ್ ಸೆನ್ಸರ್. ಸುಟ್ಟ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಇದು ಅಳೆದು ಹೇಳುತ್ತದೆ. ಅದರಂತೆ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇದ್ದಾಗ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರು ವಿಷಾನಿಲಗಳನ್ನು ಸರಿಯಾಗಿ ಶುದ್ಧಿಗೊಳಿಸಬಲ್ಲದು.

ಸಂವೇದಕದ ಜೀವಾಳ ಜಿರ್ಕೋನಿಯಾ ಎಂಬ ಪಿಂಗಾಣಿ. ತಣ್ಣಗಿದ್ದಾಗ ಅದು ಮೂಕ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಮಾತನಾಡುತ್ತದೆ. ಈ ಗುಣವನ್ನು ಬಳಸಿ ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ 1890ರ ದಶಕದ ಕೊನೆಯಲ್ಲಿ ಒಂದು ವಿದ್ಯುದ್ದೀಪವನ್ನೇ ಮಾಡಿದ್ದನು. ಆ ದೀಪವನ್ನೂ ಮೊದಲು ಬಿಸಿ ಮಾಡದೆ ಬೆಳಗಿಸಲು ಆಗುತ್ತಿರಲಿಲ್ಲ. 1976ರಲ್ಲಿ ಬಾಷ್ ಕಂಪನಿಯ ಸಂವೇದಕವು ವೋಲ್ವೊ ಕಾರಿನಲ್ಲಿ ಮೊದಲು ಬಂದಾಗ ಹೊಗೆಯ ಶಾಖವೇ ಅದನ್ನು ಕಾಯಿಸಬೇಕಿತ್ತು. ಕಾಯುವ ಆ ಹೊತ್ತನ್ನು ಉಳಿಸಲು 1980ರ ದಶಕದಲ್ಲಿ ಅದರೊಳಗೆ ಪುಟ್ಟ ಹೀಟರನ್ನು ಸೇರಿಸಲಾಯಿತು. ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಎಲ್ಲೆಡೆ ಭಾರತ್ ಸ್ಟೇಜ್-4, 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-6 ನಿಯಮಗಳು ಜಾರಿಯಾದವು. ಹೀಗಾಗಿ ಇಂದು ನಮ್ಮ ತಾಲೂಕುಗಳಲ್ಲಿ ಓಡುವ ಈಚಿನ ಪೆಟ್ರೋಲು ಕಾರುಗಳಲ್ಲಿ ಇಂಥ ಹೀಟರುಗಳಿವೆ.

ಹೀಟರು ಕೆಟ್ಟರೂ ಕಾರು ನಿಲ್ಲುವುದಿಲ್ಲ. ಅಪಾಯ ಇರುವುದೇ ಇಲ್ಲಿ. ನರಗುಂದದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋದರೆ ಹೊಗೆಯ ಶಾಖದಿಂದಲೇ ಸಂವೇದಕ ಕಾಯುತ್ತದೆ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಆದರೆ ಮನೆಯಿಂದ ಸಂತೆಗೆ, ಶಾಲೆಗೆ, ಬಸ್ ನಿಲ್ದಾಣಕ್ಕೆ ಹೋಗಿಬರುವ ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಅದು ಕಾಯುವಷ್ಟರಲ್ಲಿ ಪ್ರಯಾಣದ ಬಹುಪಾಲು ಕಳೆದಿರುತ್ತದೆ. ಅಲ್ಲಿಯವರೆಗೆ ಕಂಪ್ಯೂಟರು ಕುರುಡು ಲೆಕ್ಕದಲ್ಲಿ ಪೆಟ್ರೋಲು ಸುರಿಯುತ್ತದೆ. ಕಾರ್ಬನ್ ಮೊನಾಕ್ಸೈಡೂ ಸುಡದ ಪೆಟ್ರೋಲಿನ ಆವಿಯೂ ಊರೊಳಗೇ ಉಳಿಯುತ್ತವೆ. ದಿನಗಳೆದಂತೆ ಕನ್ವರ್ಟರು ಕೂಡ ಹಾಳಾಗುತ್ತದೆ. ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಹೋಗುವಾಗ ಎಂಜಿನ್ನು ಚೆನ್ನಾಗಿ ಕಾದಿರುವುದರಿಂದ ಈ ದೋಷ ಅಲ್ಲಿ ಸಿಕ್ಕಿಬೀಳದೆಯೂ ಹೋಗಬಹುದು. ಆಗ ನಮಗೆ ಸುಳಿವು ಕೊಡುವುದು ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪವೊಂದೇ.

ಈಗ ಪತ್ತೆಯ ಕ್ರಮಕ್ಕೆ ಬರೋಣ. ಸ್ಕ್ಯಾನರು ಹಚ್ಚಿದಾಗ ಪಿ 0135 ಎಂದು ಬಂದರೆ ಕನ್ವರ್ಟರಿಗೆ ಮುಂಚೆ ಇರುವ ಸಂವೇದಕದ ಹೀಟರ್ ಸರ್ಕೀಟಿನಲ್ಲಿ ದೋಷವಿದೆ. ಪಿ 0141 ಎಂದರೆ ಕನ್ವರ್ಟರಿನ ನಂತರದ್ದರಲ್ಲಿ. ‘ಸರ್ಕೀಟು’ ಎಂಬ ಮಾತನ್ನು ಗಮನಿಸಿರಿ. ಸಂವೇದಕವೇ ಕೆಟ್ಟಿದೆ ಎಂದು ಸ್ಕ್ಯಾನರು ಎಲ್ಲಿಯೂ ಹೇಳಿಲ್ಲ. ಫ್ಯೂಸು, ರಿಲೇ, ತಂತಿ, ಕಪ್ಲರು, ಹೀಟರು, ಕಂಪ್ಯೂಟರು ಇವುಗಳಲ್ಲಿ ಯಾವುದಾದರೂ ಅಪರಾಧಿಯಾಗಿರಬಹುದು. ಕೋಡು ಕಂಡೊಡನೆ ಸಾವಿರಾರು ರೂಪಾಯಿಯ ಸಂವೇದಕವನ್ನು ಬದಲಿಸುವುದು ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ.

ಮೊದಲನೆಯದು, ಫ್ಯೂಸು. ಸುಟ್ಟಿದ್ದರೆ ಬದಲಿಸಿ ಸುಮ್ಮನಾಗಬಾರದು. ಅದು ಸುಟ್ಟದ್ದೇಕೆ ಎಂದು ಹುಡುಕಬೇಕು. ಬಹುಮಟ್ಟಿಗೆ ಎಲ್ಲೋ ತಂತಿಯ ಹೊದಿಕೆ ಸವೆದು ಬಾಡಿಗೆ ತಾಗಿರುತ್ತದೆ.

ಎರಡನೆಯದು, ಕಣ್ಣಿನ ಪರೀಕ್ಷೆ. ನಮ್ಮದು ಎರೆನಾಡು. ಜೋಳ, ಕಡಲೆಯ ಸುಗ್ಗಿಯಲ್ಲಿ ಕಣದ ಬದಿಗೆ ನಿಲ್ಲಿಸಿದ ಕಾರಿನೊಳಗೆ ಇಲಿಗಳು ಸೇರಿ ತಂತಿ ಕಡಿಯುತ್ತವೆ. ಮಳೆಗಾಲದಲ್ಲಿ ಅಂಟುವ ಎರೆಮಣ್ಣು ಕಾರಿನ ಅಡಿಯಲ್ಲಿ ಒಣಗಿ ಗಟ್ಟಿಯಾಗಿ ತಂತಿಯನ್ನು ಎಳೆಯುತ್ತದೆ. ಕಪ್ಲರಿನೊಳಗೆ ನೀರಿಳಿದು ಪಿನ್ನುಗಳು ಹಸಿರುಗಟ್ಟುತ್ತವೆ. ಕ್ಲಿಪ್ಪು ಕಳಚಿದ ತಂತಿ ಸೈಲೆನ್ಸರಿಗೆ ತಾಗಿ ಕರಗಿರುವುದೂ ಉಂಟು.

ಮೂರನೆಯದು, ಹೀಟರಿನ ರೋಧ. ಎಂಜಿನ್ನು ಪೂರ್ತಿ ಆರಿದ ಮೇಲೆ ಕಪ್ಲರು ಬಿಚ್ಚಿ, ಸಂವೇದಕದ ಕಡೆಯ ಪಿನ್ನುಗಳಿಗೆ ಮಲ್ಟಿಮೀಟರು ಹಿಡಿಯಬೇಕು. ನಾಲ್ಕು ತಂತಿಯ ಸಂವೇದಕದಲ್ಲಿ ಒಂದೇ ಬಣ್ಣದ ಎರಡು ತಂತಿಗಳು ಸಾಮಾನ್ಯವಾಗಿ ಹೀಟರಿನವು. ಹಲವು ಕಂಪನಿಗಳಲ್ಲಿ ಬಿಳಿ, ಕೆಲವದರಲ್ಲಿ ಕಪ್ಪು. ರೋಧ ಕೆಲವೇ ಓಮ್‌ಗಳಷ್ಟಿರುತ್ತದೆ; ಆ ಮಾದರಿಯ ನಿಖರ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ನೋಡಬೇಕು. ಬಿಸಿಯಿದ್ದಾಗ ರೋಧ ಏರುವುದರಿಂದ ತಣ್ಣಗಿದ್ದಾಗಿನ ಅಳತೆಯೇ ಪ್ರಮಾಣ. ಮೀಟರು ಅನಂತವನ್ನು ತೋರಿಸಿದರೆ ಹೀಟರು ಒಳಗೆ ತುಂಡಾಗಿದೆ. ಹೀಟರಿನ ಪಿನ್ನಿಗೂ ಸಂವೇದಕದ ಲೋಹದ ಮೈಗೂ ನಡುವೆ ಸಂಪರ್ಕ ಕಂಡರೆ ಒಳಗೆ ಶಾರ್ಟ್ ಆಗಿದೆ. ಇವೆರಡರಲ್ಲಿ ಒಂದಾದರೂ ಕಂಡಾಗ ಸಂವೇದಕವನ್ನು ಬದಲಿಸಲು ನಿಜವಾದ ಕಾರಣ ಸಿಕ್ಕಿತೆನ್ನಬೇಕು.

ನಾಲ್ಕನೆಯದು, ಕರೆಂಟು ಬರುತ್ತಿದೆಯೇ ಎಂಬುದು. ಹಲವು ಕಾರುಗಳಲ್ಲಿ ಎಂಜಿನ್ನು ಓಡುವಾಗ ಮಾತ್ರ ಹೀಟರಿಗೆ ವಿದ್ಯುತ್ತು ದೊರೆಯುತ್ತದೆ. ಆದ್ದರಿಂದ ಎಂಜಿನ್ನು ಚಾಲೂ ಇಟ್ಟು ವೈರಿಂಗಿನ ಕಡೆಯ ಕಪ್ಲರಿನಲ್ಲಿ ನೋಡಬೇಕು. ಮೀಟರು 12 ವೋಲ್ಟ್ ತೋರಿಸಿತೆಂದು ನಂಬಿಬಿಡಬಾರದು. ಒಂದು ಲೆಕ್ಕ ಹೇಳುತ್ತೇನೆ. 6 ಓಮ್‌ನ ಹೀಟರಿಗೆ 12 ವೋಲ್ಟಿನಲ್ಲಿ 2 ಆಂಪಿಯರ್, ಅಂದರೆ 24 ವ್ಯಾಟ್ ದೊರೆಯುತ್ತದೆ. ತುಕ್ಕು ಹಿಡಿದ ಪಿನ್ನೊಂದು ಇನ್ನು 6 ಓಮ್ ಸೇರಿಸಿತೆನ್ನಿ: ಕರೆಂಟು 1 ಆಂಪಿಯರ್‌ಗೆ ಇಳಿಯುತ್ತದೆ, ಹೀಟರಿಗೆ ಸಿಗುವುದು 6 ವ್ಯಾಟ್ ಮಾತ್ರ, ನಾಲ್ಕನೆಯ ಒಂದು ಪಾಲು. ಆದರೂ ಬಿಚ್ಚಿದ ಕಪ್ಲರಿನಲ್ಲಿ ಮೀಟರು ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಅಲ್ಲಿ ಹೊರೆಯಿಲ್ಲ. ಆದ್ದರಿಂದ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಸಪ್ಲೈ ಪಿನ್ನಿಗೂ ಬಾಡಿಗೂ ಹಿಡಿಯಿರಿ. ಪ್ರಕಾಶವಾಗಿ ಉರಿದರೆ ದಾರಿ ಸರಿಯಿದೆ. ಮಂಕಾದರೆ ದಾರಿಯಲ್ಲಿ ತಡೆಯಿದೆ.

ಐದನೆಯದು, ಅರ್ಥಿಂಗಿನ ಕಡೆ. ಹೀಟರಿನ ಇನ್ನೊಂದು ತಂತಿಯನ್ನು ಸಾಮಾನ್ಯವಾಗಿ ಕಂಪ್ಯೂಟರೇ ನೆಲಕ್ಕೆ ಕೂಡಿಸಿ ಬಿಡಿಸಿ ಮಾಡುತ್ತದೆ. ಎರಡು ಪಿನ್ನುಗಳ ನಡುವೆ 5 ವ್ಯಾಟಿನ ಸಣ್ಣ ಬಲ್ಬು ಹಿಡಿದರೆ ಅದು ಉರಿಯಬೇಕು, ಮಿಣುಕಿದರೂ ಸರಿಯೇ. ಇಲ್ಲಿ ದೊಡ್ಡ ಬಲ್ಬು ಬೇಡ, ಕಂಪ್ಯೂಟರಿಗೆ ಪೆಟ್ಟಾದೀತು. ಉರಿಯದಿದ್ದರೆ ಕಂಪ್ಯೂಟರಿನವರೆಗಿನ ತಂತಿಯನ್ನು ಪರೀಕ್ಷಿಸಿರಿ. ತಂತಿಯೂ ಸರಿಯಿದ್ದರೆ ಮಾತ್ರ ಕಡೆಯದಾಗಿ ಕಂಪ್ಯೂಟರಿನ ಮೇಲೆ ಸಂಶಯಪಡಬೇಕು.

ಒಂದು ಎಚ್ಚರಿಕೆ: ತಣ್ಣನೆಯ ಎಂಜಿನ್ನು ಚಾಲೂ ಆದೊಡನೆ ಕೆಲವು ಕಾರುಗಳಲ್ಲಿ ಹೀಟರು ಪೂರ್ಣಬಲದಿಂದ ಕಾಯುವುದಿಲ್ಲ. ಕೊಳವೆಯಲ್ಲಿ ನಿಂತ ನೀರ ಹನಿ ಸಿಡಿದರೆ ಬಿಸಿ ಪಿಂಗಾಣಿ ಬಿರುಕುಬಿಡುತ್ತದೆಂದು ಕಂಪ್ಯೂಟರು ಬೇಕೆಂದೇ ತಡಮಾಡುತ್ತದೆ. ಅದನ್ನು ದೋಷವೆಂದು ತಿಳಿಯಬಾರದು. ದುರಸ್ತಿಯ ನಂತರ ಕೋಡು ಅಳಿಸಿ, ಎಂಜಿನ್ನು ಪೂರ್ತಿ ಆರಿದ ಮೇಲೆ ಮತ್ತೆ ಚಾಲೂ ಮಾಡಿ ನೋಡಿರಿ. ಬಿಸಿ ಎಂಜಿನ್ನಿನಲ್ಲಿ ಮಾಡಿದ ಪರೀಕ್ಷೆ ಈ ದೋಷಕ್ಕೆ ಸಾಕ್ಷಿಯಾಗದು.

ಹಳದಿ ದೀಪದ ತಂತಿ ಕಡಿದುಹಾಕುವುದು, ಹೀಟರಿನ ಬದಲು ರೆಸಿಸ್ಟರು ಕಟ್ಟಿ ಕಂಪ್ಯೂಟರನ್ನು ವಂಚಿಸುವುದು ಇಂಥ ಉಪಾಯಗಳೂ ಉಂಟು. ಅವು ಗ್ರಾಹಕನ ಕಣ್ಣಿಗೆ ಸಮಾಧಾನ ತರಬಹುದು. ಆದರೆ ಪೆಟ್ರೋಲಿನ ಖರ್ಚು ಗ್ರಾಹಕನದು, ಹೊಗೆ ಊರಿನ ಮಕ್ಕಳದು. ಕನ್ವರ್ಟರಿನೊಳಗಿರುವ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳನ್ನು ಯಾವುದೋ ದೇಶದ ನೆಲವನ್ನು ಅಗೆದು ತಂದಿರುತ್ತಾರೆ. ಹತ್ತು ರೂಪಾಯಿಯ ಫ್ಯೂಸನ್ನು ನೋಡದೆ ಅದನ್ನು ಕೆಡಿಸುವುದು ದುಂದುಗಾರಿಕೆ.

ಚಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಹಳದಿ ದೀಪ ಹತ್ತಿದ ವಾರದಲ್ಲೇ ಗ್ಯಾರೇಜಿಗೆ ಹೋಗಿರಿ, ‘ಸಂವೇದಕ ಬದಲಿಸಬೇಕು’ ಎಂದರೆ ‘ರೋಧ ಎಷ್ಟು ಬಂತು, ಬಲ್ಬು ಉರಿಯಿತೆ?’ ಎಂದು ಕೇಳಿರಿ. ಮೆಕ್ಯಾನಿಕ್ ಗೆಳೆಯರಲ್ಲಿ ವಿನಂತಿ: ಅಳೆದ ಅಂಕಿಯನ್ನು ಬಿಲ್ಲಿನ ಮೇಲೆ ಬರೆದುಕೊಡಿರಿ. ಗ್ರಾಹಕನ ನಂಬಿಕೆ ಅದರಿಂದ ಬೆಳೆಯುತ್ತದೆ, ನಿಮ್ಮ ಕಸುಬಿನ ಗೌರವವೂ ಹೆಚ್ಚುತ್ತದೆ. ಒಂದು ಮಲ್ಟಿಮೀಟರು, ಎರಡು ಬಲ್ಬು ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.