ಮೋಟಾರು ಗಾಲಿಯ ಸದ್ದುಗಳು



ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯನೊಬ್ಬನು ಮೋಟಾರು ಗಾಡಿಯ ಗಾಲಿಯನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ಎಂಬತ್ತು ಜನ ವಿದ್ಯಾರ್ಥಿಗಳು ಕುಳಿತ ತರಗತಿಯಲ್ಲಿ ಕರಿಹಲಗೆಯ ಕಡೆ ಮುಖಮಾಡಿ ನಿಂತಿರುವಾಗ, ಪಿಸುಮಾತು ಯಾವ ಬೆಂಚಿನಿಂದ ಬಂತೆಂದು ಹಿಂದಿರುಗಿ ನೋಡದೆಯೇ ತಿಳಿಯುವುದು ನನ್ನ ವೃತ್ತಿಯ ಒಂದು ಅಂಗ. ಗಾಡಿಯ ಸದ್ದನ್ನು ಪರೀಕ್ಷಿಸುವುದಕ್ಕೂ ಬೇಕಾದದ್ದು ಮೊದಲಿಗೆ ಇದೇ ಬಗೆಯ ಕಿವಿ. ಉಳಿದುದನ್ನು ನನಗೆ ಕಲಿಸಿಕೊಟ್ಟವರು ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ವೃದ್ಧರು. ಅವರಿಂದ ಕಲಿತುದನ್ನು, ಆಮೇಲೆ ಓದಿ ತಿಳಿದುದರೊಡನೆ ಸೇರಿಸಿ, ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ರಜೆಯಲ್ಲಿ, ನಾನು ಮನೆಯವರೊಡನೆ ಧಾರವಾಡದಿಂದ ಹೊರಟು, ಹುಬ್ಬಳ್ಳಿ ತಡಸಗಳ ಮಾರ್ಗವಾಗಿ ಮುಂಡಗೋಡಕ್ಕೆ ಹೋಗಿದ್ದೆ. ಒಂದು ದಿನ ಅಲ್ಲಿದ್ದು, ಮರುದಿನ ಯಲ್ಲಾಪುರಕ್ಕೆ ಹೋಗಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಕಡಲನ್ನು ನೋಡಬೇಕೆಂಬುದು ನಮ್ಮ ಸಂಕಲ್ಪ. ೧೯೫೯ರಲ್ಲಿ ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗಾಗಿ ಅಂದಿನ ಮೈಸೂರು ರಾಜ್ಯದ ಈ ಕಾಡಂಚಿನಲ್ಲಿ ೧೯೬೬ರಲ್ಲಿ ನೆಲೆ ಏರ್ಪಟ್ಟಿತು. ಅಲ್ಲಿಯ ಊರುಗಳಿಗೆ ಹೆಸರಿಗಿಂತ ಸಂಖ್ಯೆಯೇ ಹೆಚ್ಚು ಬಳಕೆ: ಇಂತಿಷ್ಟನೆಯ ಕ್ಯಾಂಪು ಎಂದರೆ ಸಾಕು. ಭತ್ತ, ಗೋವಿನಜೋಳದ ಹೊಲಗಳ ನಡುವೆ ಗಾಡೆನ್, ಡ್ರೆಪುಂಗ್ ಮಠಗಳ ಹೊನ್ನಿನ ಬಣ್ಣದ ಮಾಡುಗಳು ದೂರದಿಂದಲೇ ಕಾಣುತ್ತವೆ.

ನನ್ನ ಗಾಡಿಯ ಮುಂದಿನ ಗಾಲಿಯೊಂದು ಎರಡು ವಾರಗಳಿಂದ, ಬ್ರೇಕನ್ನು ಮೆಲ್ಲಗೆ ಒತ್ತಿದಾಗ, ಕೀರಲು ದನಿ ಮಾಡುತ್ತಿತ್ತು. ಹೊರಡುವ ಮುನ್ನ ಒಂದು ಕಾರ್ಖಾನೆಯಲ್ಲಿ ತೋರಿಸಿದ್ದೆ. ಅಲ್ಲಿಯವರು ಗಾಲಿಯನ್ನು ಬಿಚ್ಚದೆ, ಅದರ ಸಂದಿನಿಂದ ದೀಪ ಹಿಡಿದು ನೋಡಿ, "ಪ್ಯಾಡಿನಲ್ಲಿ ಇನ್ನೂ ಬೇಕಾದಷ್ಟಿದೆ, ಧೂಳಿನ ಸದ್ದು" ಎಂದು ಹೇಳಿ ಕಳುಹಿಸಿದ್ದರು. ರಾತ್ರಿಯೆಲ್ಲ ಮಳೆ ಸುರಿದು ಬೆಳಗಾದಾಗ, ಕಾಲೊನಿಯಲ್ಲಿ ಗಾಡಿಯನ್ನು ಹೊರಡಿಸಿದೆ. ಕೀರಲು ಹೋಗಿ, ಕಲ್ಲಿನ ಮೇಲೆ ಕಬ್ಬಿಣವನ್ನು ಎಳೆದಂತೆ ಗರಗರ ಸದ್ದು ಬಂತು. ಹತ್ತಿರ ನಿಂತಿದ್ದ ಸಜ್ಜನರೊಬ್ಬರು ಪರೋಪಕಾರ ಬುದ್ಧಿಯಿಂದ ಒಂದು ಎಣ್ಣೆಯ ಡಬ್ಬಿಯನ್ನೇ ತಂದರು. "ನಾಲ್ಕು ತೊಟ್ಟು ಬಿಟ್ಟರೆ ಸಾಕು, ಬಾಯಿ ಮುಚ್ಚಿಕೊಳ್ಳುತ್ತದೆ" ಎಂದರು. ನಾನೂ ಒಪ್ಪಿದ್ದೆ.

ಅವರ ಸಲಹೆಯನ್ನು ನಾನು ಹಳಿಯುವುದಿಲ್ಲ. ಅದು ನಮ್ಮ ಪೂರ್ವಿಕರಿಂದ ಬಂದ ಬುದ್ಧಿ. ಎತ್ತಿನ ಬಂಡಿಯ ಗಾಲಿ ಕಿರುಗುಟ್ಟಿದರೆ ಬಂಡಿಯವನು ಕಡಾಣಿಯನ್ನು ತೆಗೆದು, ಗಾಲಿಯನ್ನು ಹೊರಗೆಳೆದು, ಅಚ್ಚಿಗೆ ಕೀಲೆಣ್ಣೆಯನ್ನು ಸವರುತ್ತಿದ್ದನು. ಸದ್ದು ನಿಲ್ಲುತ್ತಿತ್ತು, ಎತ್ತಿಗೂ ಭಾರ ಇಳಿಯುತ್ತಿತ್ತು. ಆದರೆ ಆ ಗಾಲಿಯಲ್ಲಿ ಕಿರುಗುಟ್ಟುತ್ತಿದ್ದುದು ಅಚ್ಚು. ಮೋಟಾರಿನ ಗಾಲಿಯಲ್ಲಿ ಒಂದೇ ಮನೆಯೊಳಗೆ ಇಬ್ಬರು ವಾಸಮಾಡುತ್ತಾರೆ: ಒಬ್ಬರು ಬೇರಿಂಗು, ಇನ್ನೊಬ್ಬರು ಬ್ರೇಕು. ಇಬ್ಬರ ಧರ್ಮಗಳೂ ಪರಸ್ಪರ ವಿರುದ್ಧ. ಬೇರಿಂಗು ಉಕ್ಕಿನ ಗುಂಡುಗಳ ಮೇಲೆ ಗಾಲಿಯನ್ನು ಉರುಳಿಸಿ ಘರ್ಷಣೆಯನ್ನು ತಪ್ಪಿಸುತ್ತದೆ. ಬ್ರೇಕು ಬೇಕೆಂದೇ ಘರ್ಷಣೆಯನ್ನು ಉಂಟುಮಾಡುತ್ತದೆ. ಒಬ್ಬರಿಗೆ ಜಿಡ್ಡು ಅಮೃತ, ಇನ್ನೊಬ್ಬರಿಗೆ ವಿಷ. ಎಣ್ಣೆ ಹೀರಿದ ಬ್ರೇಕು ಸದ್ದು ಮಾಡುವುದಿಲ್ಲವೆಂಬುದು ನಿಜ, ಗಾಡಿಯನ್ನೂ ನಿಲ್ಲಿಸುವುದಿಲ್ಲ. ಆದಕಾರಣ, ಮನೆಯೊಳಗಿಂದ ದನಿ ಬಂದಾಗ, ಮಾತನಾಡಿದವರು ಈ ಇಬ್ಬರಲ್ಲಿ ಯಾರೆಂಬುದನ್ನು ಮೊದಲು ನಿರ್ಣಯಿಸಬೇಕು. ಔಷಧದ ಮಾತು ಆಮೇಲೆ.

ಆ ಹೊತ್ತಿಗೆ ಸರಿಯಾಗಿ ಎದುರಿನ ಮನೆಯ ಜಗಲಿಯಿಂದ ಒಬ್ಬ ವೃದ್ಧರು ಎದ್ದು ಬಂದು ಡಬ್ಬಿಗೆ ಕೈ ಅಡ್ಡ ಹಿಡಿದರು. ಪ್ರಾಯದಲ್ಲಿ ಲಾರಿಯನ್ನು ನಡೆಸಿ, ಆಮೇಲೆ ದುರಸ್ತಿಯ ಕೆಲಸ ಮಾಡಿಕೊಂಡಿದ್ದವರು. ಕಾಲೊನಿಯ ಹುಡುಗರು ಅವರನ್ನು ‘ಪಾಲಾ’ ಎನ್ನುತ್ತಿದ್ದರು. ಟಿಬೆಟನ್ನರು ತಂದೆಯನ್ನು ಕರೆಯುವ ಮಾತು ಅದು. ಅವರ ಕನ್ನಡವಾದರೋ ನಮ್ಮ ಸೀಮೆಯ ಅಚ್ಚ ಕನ್ನಡ.

"ಎಣ್ಣಿ ಬ್ಯಾಡ್ರಿ ಸರ. ಮೊದಲ ಹೇಳ್ರಿ, ಸಪ್ಪಳ ಯಾವಾಗ ಬರತೈತಿ?"

"ಗಾಡಿ ಹೊರಟಾಗ ಬರುತ್ತದೆ, ಅಜ್ಜಾರೆ" ಎಂದೆ.

"ಬ್ರೇಕ್ ಒತ್ತಿದಾಗ ಹೆಚ್ಚಾಗತೈತೋ, ಕಡಿಮಿ ಆಗತೈತೋ? ಹೊಳ್ಳಿಸಿದಾಗ ಏನಾಗತೈತಿ? ಎಂದಿನಿಂದ ಐತಿ? ಮೊದಲ ಹಿಂಗ ಇತ್ತೋ, ಬ್ಯಾರೆ ಇತ್ತೋ?"

ಹಿಂದಿನ ದಿನ ಸಂಜೆ ನಾವು ಡ್ರೆಪುಂಗ್ ಮಠದ ಅಂಗಳದಲ್ಲಿ ಭಿಕ್ಷುಗಳ ವಾದವಿದ್ಯೆಯ ಅಭ್ಯಾಸವನ್ನು ನೋಡಿದ್ದೆವು. ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಪ್ರಶ್ನೆಯ ಕೊನೆಗೆ ಕಾಲನ್ನು ಅಪ್ಪಳಿಸಿ ಕೈಚಪ್ಪಾಳೆ ಹೊಡೆಯುತ್ತಾನೆ. ಎದುರಾಳಿಯ ಸ್ಥಾನ ಇದೇ ಎಂದು ಖಚಿತವಾಗುವವರೆಗೆ ಪ್ರಶ್ನೆಗಳು ನಿಲ್ಲುವುದಿಲ್ಲ. ಪಾಲಾ ಅವರ ಪ್ರಶ್ನೆಗಳೂ ಆ ಜಾತಿಯವೇ ಆಗಿದ್ದವು. ಅವನ್ನು ನಾನು ಒಂದು ಕ್ರಮಕ್ಕೆ ತಂದು ಹೇಳುತ್ತೇನೆ.

ಮೊದಲನೆಯದು: ಈ ಸದ್ದು ಗಾಲಿಯದೋ, ಎಂಜಿನ್ನಿನದೋ? ಸಮರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಗೇರನ್ನು ಬದಲಾಯಿಸಿರಿ. ಎಂಜಿನ್ನಿನ ಸದ್ದಾದರೆ ಅದರೊಡನೆ ಸ್ವರ ಬದಲಾಗುತ್ತದೆ. ಗಾಲಿಯದಾದರೆ ಗಾಡಿಯ ವೇಗವನ್ನು ಮಾತ್ರ ಅನುಸರಿಸುತ್ತದೆ.

ಎರಡನೆಯದು: ಬ್ರೇಕನ್ನು ಒತ್ತಿದಾಗ ಸದ್ದು ಹುಟ್ಟುವುದೋ, ಬದಲಾಗುವುದೋ, ನಿಲ್ಲುವುದೋ? ಈ ಮೂರರಲ್ಲಿ ಯಾವುದಾದರೊಂದು ನಡೆದರೆ ಬ್ರೇಕಿನ ಕಡೆ ಸಂದೇಹ ತಿರುಗಬೇಕು. ಒತ್ತಿದರೂ ಬಿಟ್ಟರೂ ಒಂದೇ ಸಮನಾಗಿ ಭ್ರಮರದಂತೆ ಗುಂಯ್‌ಗುಡುವುದಾದರೆ ಬೇರಿಂಗನ್ನೋ ಟೈರನ್ನೋ ಶಂಕಿಸಬೇಕು.

ಮೂರನೆಯದು, ಬೇರಿಂಗು ಟೈರುಗಳೊಳಗಿನ ಭೇದ. ಡಾಂಬರು ರಸ್ತೆಯಿಂದ ಸಿಮೆಂಟು ರಸ್ತೆಗೆ ಬಂದೊಡನೆ ಸ್ವರ ಬದಲಾದರೆ ಅದು ಬಹುಮಟ್ಟಿಗೆ ಏರುಪೇರಾಗಿ ಸವೆದ ಟೈರು. ರಸ್ತೆ ಬದಲಾದರೂ ಬದಲಾಗದೆ, ತಿರುವುಗಳಲ್ಲಿ ಏರಿಳಿದರೆ ಅದು ಬೇರಿಂಗು. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಾಲಿಗಳ ಮೇಲೆ ಬೀಳುತ್ತದೆ; ಆಗ ಗುಂಯ್‌ಗುಟ್ಟುವುದು ಹೆಚ್ಚಾದರೆ ಎಡಗಡೆಯ ಬೇರಿಂಗು ಸವೆದಿದೆಯೆಂದು ಊಹಿಸಬಹುದು. ಈ ರೋಗಕ್ಕೆ ಔಷಧವಿಲ್ಲ, ಬೇರಿಂಗನ್ನೇ ಬದಲಾಯಿಸಬೇಕು. ಈಗಿನ ಅನೇಕ ಗಾಡಿಗಳಲ್ಲಿ ಅದು ಮುದ್ರೆ ಹಾಕಿದ ಒಂದೇ ಘಟಕವಾಗಿರುವುದರಿಂದ ಒಳಗೆ ಜಿಡ್ಡು ತುಂಬುವ ಅವಕಾಶವೂ ಇಲ್ಲ.

ನಾಲ್ಕನೆಯದು, ಸದ್ದಿನ ಜಾತಿ. ಮಳೆಯ ರಾತ್ರಿ ಕಳೆದ ಮೇಲೆ ಬೆಳಗಿನ ಮೊದಲ ಕೆಲವು ಬ್ರೇಕುಗಳಲ್ಲಿ ಕೇಳಿ ಮಾಯವಾಗುವ ಒರಟು ದನಿ ನಿರಪಾಯವಾದುದು. ಬ್ರೇಕಿನ ತಟ್ಟೆ ಎರಕದ ಕಬ್ಬಿಣದ್ದು, ಒಂದೇ ರಾತ್ರಿಯಲ್ಲಿ ತೆಳುವಾದ ತುಕ್ಕು ಕಟ್ಟುತ್ತದೆ, ಪ್ಯಾಡು ಅದನ್ನು ಉಜ್ಜಿ ತೆಗೆಯುತ್ತದೆ. ಜಲ್ಲಿಯ ರಸ್ತೆಯಲ್ಲಿ ಹೋದೊಡನೆ ಹಠಾತ್ತಾಗಿ ಕರ್ಕಶ ಕಿರಿಚಾಟ ಹುಟ್ಟಿದರೆ, ತಟ್ಟೆಗೂ ಅದರ ಹಿಂದಿನ ತಗಡಿನ ಮರೆಗೂ ನಡುವೆ ಹರಳೊಂದು ಸಿಕ್ಕಿರಬಹುದು. ಗಾಡಿಯನ್ನು ಸ್ವಲ್ಪ ಹಿಂದಕ್ಕೆ ನಡೆಸಿದರೆ ಎಷ್ಟೋ ವೇಳೆ ಉದುರಿಹೋಗುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಎಂದರೆ ಮುಂಗಾಲಿಗೆ ಶಕ್ತಿಯನ್ನು ಒಯ್ಯುವ ದಂಡದ ಹೊರಗೀಲು ಸವೆದಿರುತ್ತದೆ. ಹಳ್ಳದಿಣ್ಣೆಗಳಲ್ಲಿ ಮಾತ್ರ ಧಡಧಡ ಎಂದರೆ ಸಸ್ಪೆನ್ಷನ್ನಿನ ರಬ್ಬರು ಬುಷ್ಷುಗಳನ್ನೂ ಕೀಲುಗಳನ್ನೂ ನೋಡಿಸಬೇಕು. ಗಾಲಿಯನ್ನು ಈಚೆಗೆ ಬದಲಾಯಿಸಿದ್ದು, ಆಮೇಲೆ ಗಡಗಡ ಸದ್ದೂ ನಡುಕವೂ ಕಂಡುಬಂದರೆ, ಒಂದು ಮೈಲಿಯನ್ನೂ ಹೋಗದೆ ಅಲ್ಲಿಯೇ ನಿಂತು ನಟ್ಟುಗಳನ್ನು ಬಿಗಿಯಿರಿ.

ಇನ್ನು ನಮ್ಮ ಕೀರಲು ದನಿ. ಇದಕ್ಕೆ ಎರಡು ಕಾರಣಗಳುಂಟು. ಕೆಲವು ವೇಳೆ ಪ್ಯಾಡೂ ತಟ್ಟೆಯೂ ಪಿಟೀಲಿನ ಕಮಾನೂ ತಂತಿಯೂ ಇದ್ದಂತೆ ಒಂದನ್ನೊಂದು ಹಿಡಿದು ಬಿಟ್ಟು ಕಂಪಿಸುವುದರಿಂದ ದನಿ ಹುಟ್ಟುತ್ತದೆ. ಕೇಳಲು ಅಸಹ್ಯವಾದರೂ ಅಪಾಯವಿಲ್ಲ. ಆದರೆ ಅನೇಕ ಪ್ಯಾಡುಗಳಲ್ಲಿ ತಯಾರಕರು ಬೇಕೆಂದೇ ಒಂದು ಚಿಕ್ಕ ಉಕ್ಕಿನ ನಾಲಗೆಯನ್ನು ಇಟ್ಟಿರುತ್ತಾರೆ. ಪ್ಯಾಡು ತೆಳ್ಳಗಾದಾಗ ಆ ನಾಲಗೆ ತಟ್ಟೆಯನ್ನು ಮುಟ್ಟಿ ಕಿರುಚುತ್ತದೆ. ಇದನ್ನು ಅಲಕ್ಷಿಸಿದರೆ ಕೆಲವು ದಿನಗಳಲ್ಲಿ ಪ್ಯಾಡಿನ ಬೆನ್ನಿನ ಉಕ್ಕೇ ತಟ್ಟೆಯನ್ನು ಕೊರೆಯತೊಡಗುತ್ತದೆ. ಆಗ ಕೇಳುವುದು ಗರಗರ.

ಪಾಲಾ ಅವರು ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯ ಜೊತೆಗೆ ಭದ್ರವಾದ ಆಧಾರವನ್ನೂ ಇಟ್ಟು ಗಾಲಿಯನ್ನು ಎತ್ತಿದರು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡಬಾರದೆಂಬುದು ಅವರು ಎರಡು ಸಲ ಹೇಳಿದ ಮಾತು. ಗಾಲಿಯ ಮೇಲು ಕೆಳಗನ್ನು ಹಿಡಿದು ಅಲುಗಿಸಿದರು: ಅಲುಗಾಟವಿಲ್ಲ. ಕೈಯಿಂದ ತಿರುಗಿಸಿದರು: ಬೇರಿಂಗಿನ ಗುಂಯ್‌ಗುಟ್ಟುವಿಕೆಯಿಲ್ಲ, ಆದರೆ ಗಾಲಿ ಸಲೀಸಾಗಿ ತಿರುಗದೆ ಹಿಡಿಯುತ್ತಿತ್ತು. ಬೇರಿಂಗು ನಿರ್ದೋಷಿಯೆಂದು ತೀರ್ಮಾನವಾಯಿತು. ಗಾಲಿಯನ್ನು ತೆಗೆದು ತೋರಿಸಿದಾಗ ನನಗೆ ಕಾರ್ಖಾನೆಯವರ ತಪ್ಪಿನ ಮೂಲ ತಿಳಿಯಿತು. ಹೊರಗಡೆಯ ಪ್ಯಾಡು ಅರ್ಧದಷ್ಟು ಉಳಿದಿತ್ತು. ಗಾಲಿಯ ಸಂದಿನಿಂದ ಕಾಣುವುದು ಅದೇ. ಒಳಗಡೆಯ ಪ್ಯಾಡಿನಲ್ಲಿ ಉಜ್ಜುವ ಪದಾರ್ಥವೇ ಇರಲಿಲ್ಲ.

ಹೀಗಾಗಲು ಕಾರಣವೇನು? ಬ್ರೇಕಿನ ಕ್ಯಾಲಿಪರೆಂಬುದು ಒಂದು ಇಕ್ಕಳ. ನಾವು ಪೆಡಲನ್ನು ಒತ್ತಿದಾಗ ಆ ಒತ್ತಡ ಕೊಳವೆಯೊಳಗಿನ ದ್ರವದ ಮೂಲಕ ಎಲ್ಲ ಗಾಲಿಗಳಿಗೂ ಹರಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಪಂಡಿತನು ನಿರೂಪಿಸಿದ ನಿಯಮ ಇದು. ನನ್ನ ಗಾಡಿಯಂಥ ಸಾಮಾನ್ಯ ಗಾಡಿಗಳಲ್ಲಿ ದ್ರವ ನೇರವಾಗಿ ನೂಕುವುದು ಒಳಗಿನ ಪ್ಯಾಡನ್ನು ಮಾತ್ರ. ಪ್ರತಿಕ್ರಿಯೆಯಿಂದ ಇಕ್ಕಳವೇ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತಟ್ಟೆಗೆ ಒತ್ತುತ್ತದೆ. ಆ ಪಿನ್ನುಗಳು ತುಕ್ಕು ಹಿಡಿದು ಬಿಗಿದರೆ ಇಕ್ಕಳ ಜಾರುವುದಿಲ್ಲ. ಕೆಲಸದ ಹೊರೆಯೆಲ್ಲ ಒಳಗಿನ ಪ್ಯಾಡಿನ ಮೇಲೆ ಬಿದ್ದು, ಅದು ಒಂಟಿಯಾಗಿ ಸವೆಯುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದುದು ಇದೇ.

ಹುಬ್ಬಳ್ಳಿಗೆ ಹೇಳಿಕಳುಹಿಸಿ, ಸಂಜೆಯ ಬಸ್ಸಿನಲ್ಲಿ ಹೊಸ ಪ್ಯಾಡುಗಳೂ ತಟ್ಟೆಗಳೂ ಬಂದವು. ಕೆಟ್ಟದ್ದು ಒಂದು ಕಡೆಯಾದರೂ ಎಡಬಲ ಎರಡೂ ಗಾಲಿಗಳಿಗೆ ಹೊಸವನ್ನೇ ಹಾಕಿದರು. ಇಲ್ಲದಿದ್ದರೆ ಬ್ರೇಕು ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು. ಬ್ರೇಕಿನ ಧೂಳನ್ನು ಬಾಯಿಂದ ಊದಲು ಹೋದ ಹುಡುಗನನ್ನು ಗದರಿಸಿ, ಒದ್ದೆ ಬಟ್ಟೆಯಿಂದ ಒರೆಸಿಸಿದರು. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು. ಕೊನೆಗೆ, ನನಗೆ ಆಶ್ಚರ್ಯವಾಗುವಂತೆ, ಒಂದು ಚಿಕ್ಕ ಡಬ್ಬಿಯಿಂದ ಜಿಡ್ಡನ್ನು ತೆಗೆದರು!

"ಅಜ್ಜಾರೆ, ಬೆಳಿಗ್ಗೆ ನೀವೇ ಬೇಡವೆಂದಿರಲ್ಲ?" ಎಂದೆ.

"ಅದು ಬ್ಯಾರೆ, ಇದು ಬ್ಯಾರೆರಿ. ಇದು ಕಾವು ತಡಿಯೂ ಗ್ರೀಸು. ಜಾರೂದು ಜಾರಬೇಕು, ಹಿಡಿಯೂದು ಹಿಡಿಬೇಕು" ಎಂದು ನಕ್ಕು, ಉಜ್ಜಿ ಹೊಳಪಿಸಿದ ಪಿನ್ನುಗಳಿಗೆ ಮಾತ್ರ ಚಿಟಿಕೆಯಷ್ಟು ಸವರಿದರು. ತಟ್ಟೆಗೆ ಬೆರಳಿನ ಜಿಡ್ಡೂ ತಾಗಗೊಡಲಿಲ್ಲ.

ಅಂದು ನಾವು ಎಣ್ಣೆಯನ್ನು ಬಿಟ್ಟುಕೊಂಡು, ಸದ್ದು ಅಡಗಿತೆಂಬ ಸಂತೋಷದಿಂದ ಹೊರಟಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಲೆಕ್ಕ ಹಾಕಿ ನೋಡಿದೆ. ಸಾವಿರ ಕಿಲೋಗ್ರಾಂ ತೂಕದ ಗಾಡಿಯೊಂದು ಘಟ್ಟದಲ್ಲಿ ೪೦೦ ಮೀಟರು ಎತ್ತರವನ್ನು ಇಳಿಯಿತೆನ್ನಿ. ಗಾಳಿಯೂ ಎಂಜಿನ್ನೂ ಏನನ್ನೂ ಹಂಚಿಕೊಳ್ಳದಿದ್ದರೆ, ಆಗ ಹುಟ್ಟುವ ಶಾಖ ಹನ್ನೆರಡು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅಷ್ಟನ್ನೂ ಕೆಲವು ತಟ್ಟೆಗಳು ಭರಿಸಬೇಕು. ಸುಸ್ಥಿತಿಯ ಬ್ರೇಕೇ ಈ ಹೊರೆಗೆ ಸೋತು ಹಿಡಿತ ಕಳೆದುಕೊಳ್ಳುವುದುಂಟು. ಅದರ ಮೇಲೆ, ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ ೪ ಎಂಬ ದರ್ಜೆಯ ದ್ರವ ಹೊಸದಾಗಿರುವಾಗ ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲಿನ ಮಿತಿ ೧೫೫ ಡಿಗ್ರಿ ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ; ಆವಿ ಅದುಮಿಕೊಳ್ಳುವುದರಿಂದ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸಬೇಕು. ಘಟ್ಟವನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ನಿಗೇ ತಡೆಯುವ ಕೆಲಸ ಕೊಟ್ಟು ಇಳಿಯಬೇಕು. ಗಾಲಿಯ ಕಡೆಯಿಂದ ಸುಟ್ಟ ವಾಸನೆ ಬಂದರೆ ನಿಂತು ತಣಿಯಗೊಡಬೇಕು.

ನಾವೆಲ್ಲರೂ ದುರಸ್ತಿಗಾರರಾಗಬೇಕೆಂದು ನನ್ನ ವಾದವಲ್ಲ. ಬ್ರೇಕನ್ನು ಬಿಚ್ಚುವುದು ಅನುಭವವಿಲ್ಲದವರ ಕೆಲಸವೂ ಅಲ್ಲ. ಆದರೆ ಪರೀಕ್ಷೆಯ ಅರ್ಧ ನಮ್ಮದೇ. ಸದ್ದು ಬಂದಾಗ ಗಾಡಿಯೊಳಗೆ ಇದ್ದವರು ನಾವು. ದುರಸ್ತಿಯವನ ಮುಂದೆ ಗಾಡಿ ಎಷ್ಟೋ ವೇಳೆ ಮೌನವಾಗಿರುತ್ತದೆ. "ಏನೋ ಸದ್ದು ಬರುತ್ತದೆ, ನಿಲ್ಲಿಸಿ ಕೊಡಿ" ಎಂದರೆ ಅವನು ಸದ್ದನ್ನು ನಿಲ್ಲಿಸಿಕೊಡುತ್ತಾನೆ. ಯಾವಾಗ, ಯಾವ ಕಡೆ, ಬ್ರೇಕು ಒತ್ತಿದಾಗ ಏನಾಗುತ್ತದೆ, ತಿರುವಿನಲ್ಲಿ ಏನಾಗುತ್ತದೆ, ಮೊದಲು ಹೇಗಿದ್ದು ಈಗ ಹೇಗಾಗಿದೆ ಎಂಬುದನ್ನು ಹೇಳಿ, ಗಾಲಿಯನ್ನು ಬಿಚ್ಚಿ ಒಳಗಿನ ಪ್ಯಾಡನ್ನೂ ನೋಡಿರೆಂದು ಕೇಳಿದರೆ, ಅವನು ಕಾರಣವನ್ನು ಹುಡುಕುತ್ತಾನೆ. ನಾನು ಆ ಕಾರ್ಖಾನೆಯಲ್ಲಿ ಕೇಳಿದ್ದುದು ಮೊದಲನೆಯ ಪ್ರಶ್ನೆಯನ್ನು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಮೂರನೆಯ ದಿನ ಬೆಳಿಗ್ಗೆ ಕಾಲೊನಿಯಿಂದ ಹೊರಟೆವು. ಪಾಲಾ ಅವರು ಗಾಡಿಯ ಜೊತೆ ಇಪ್ಪತ್ತು ಹೆಜ್ಜೆ ನಡೆದು ಬಂದು, ತಲೆಯನ್ನು ಗಾಲಿಯ ಕಡೆ ಬಾಗಿಸಿ ಆಲಿಸಿ, ಕೈಬೀಸಿದರು. ಅರಬೈಲಿನ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಗಾಲಿಗಳು ಏನನ್ನೂ ಹೇಳಲಿಲ್ಲ. ಹೇಳಬೇಕಾದುದು ಏನೂ ಇರಲಿಲ್ಲ.