ಚಂದ್ರನ ನೆಲದಿಂದ ಸಲ್ಯೂಟ್ ನಿಲ್ದಾಣದವರೆಗೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಚಂದ್ರಯಾತ್ರೆಯ ಬಗ್ಗೆ ನಾನು ಎಲ್ಲಿ ಮಾತನಾಡಿದರೂ ಕೊನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಂದು ಅದನ್ನು ಮೊದಲೇ ಎತ್ತಿಕೊಳ್ಳುತ್ತೇನೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿದರಂತೆ, ಭೂಮಿಗೆ ಬಂದ ಮೇಲೆ ಅದೇ ಧ್ವನಿ ಕೇಳಿ ಇಸ್ಲಾಂ ಸ್ವೀಕರಿಸಿದರಂತೆ, ನಿಜವೇ?

ನಿಜವಲ್ಲ. ಸ್ವತಃ ಆರ್ಮ್‌ಸ್ಟ್ರಾಂಗ್ ಅದನ್ನು ಅಲ್ಲಗಳೆದರು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಅವರ ಪರವಾಗಿ ತನ್ನ ರಾಯಭಾರ ಕಚೇರಿಗಳಿಗೆ ಈ ಬಗ್ಗೆ ಬರೆದು ತಿಳಿಸಬೇಕಾಯಿತು. ಅದಕ್ಕಿಂತ ಮೊದಲು ನಿಮ್ಮ ಪಠ್ಯಪುಸ್ತಕವೇ ಇದೆಯಲ್ಲ! ಶಬ್ದ ಸಾಗಲು ಗಾಳಿಯಂಥ ಮಾಧ್ಯಮ ಬೇಕು, ಚಂದ್ರನಲ್ಲಿ ಗಾಳಿ ಇಲ್ಲ. ಈ ಕಥೆಯನ್ನು ಪ್ರೀತಿಯಿಂದ ಹೇಳುವ ಹಿರಿಯರು ಈ ಸಭೆಯಲ್ಲೂ ಇರಬಹುದು, ಅವರ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಆದರೆ ನಮ್ಮ ಧರ್ಮಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ. ಅಲ್ಲದೆ ನಮ್ಮ ಹುಡುಗನೊಬ್ಬ ಈ ಕಥೆಯನ್ನು ಕಾಲೇಜಿನಲ್ಲಿ ಹೇಳಿ ನಗೆಪಾಟಲಿಗೆ ಈಡಾದರೆ ಅದರ ಹೊಣೆ ನಮ್ಮ ಮೇಲಿದೆ.

ಇನ್ನು ಕೆಲವರು ಮನುಷ್ಯ ಚಂದ್ರನಿಗೆ ಹೋಗಲೇ ಇಲ್ಲ ಎನ್ನುತ್ತಾರೆ. ಅಪೋಲೋ ಯಾತ್ರಿಗಳು ಇಟ್ಟುಬಂದ ಪ್ರತಿಫಲಕಗಳಿಗೆ ಭೂಮಿಯಿಂದ ಲೇಸರ್ ಬಿಟ್ಟು ಚಂದ್ರನ ದೂರ ಅಳೆಯುವ ಕೆಲಸ ದಶಕಗಳಿಂದ ನಡೆದಿದೆ. ಅವರು ತಂದ ಕಲ್ಲು, ಮಣ್ಣು ಒಟ್ಟು 382 ಕಿಲೋ. ಅಷ್ಟು ಸಾಕು, ಮುಂದೆ ಹೋಗೋಣ.

1967ರ ಜನವರಿ 27ರಂದು ನೆಲದ ಮೇಲೆಯೇ ನಡೆದ ಪರೀಕ್ಷೆಯಲ್ಲಿ ಅಪೋಲೋ 1 ನೌಕೆಗೆ ಬೆಂಕಿ ಬಿತ್ತು. ಒಳಗೆ ತುಂಬಿದ್ದುದು ಶುದ್ಧ ಆಮ್ಲಜನಕ, ಬಾಗಿಲು ತೆರೆಯುತ್ತಿದ್ದುದು ಒಳಮುಖವಾಗಿ. ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಕೊಮರೋವ್, ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಸೋಯುಜ್ 1ರಲ್ಲಿ ಮಡಿದರು. ಎರಡೂ ದೇಶಗಳು ಪೈಪೋಟಿಯ ಆತುರದಲ್ಲಿದ್ದವು. ಆಮೇಲೆ ಅಪೋಲೋ ನೌಕೆಯ ಬಾಗಿಲು ಹೊರಕ್ಕೆ ತೆರೆಯುವಂತಾಯಿತು. 1968ರ ಡಿಸೆಂಬರ್‌ನಲ್ಲಿ ಅಪೋಲೋ 8 ಚಂದ್ರನನ್ನು ಹತ್ತು ಸುತ್ತು ಹಾಕಿ ಬಂತು. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮ ಗಡಿಯಾರದಲ್ಲಿ ಜುಲೈ 21ರ ಬೆಳಿಗ್ಗೆ 8 ಗಂಟೆ 26 ನಿಮಿಷ. 1972ರ ಡಿಸೆಂಬರ್‌ವರೆಗೆ ಒಟ್ಟು ಹನ್ನೆರಡು ಮಂದಿ ಅಲ್ಲಿ ನಡೆದಾಡಿದರು.

ಎಲ್ಲಿ ಇಳಿಯಬೇಕೆಂದು ಅವರಿಗೆ ಯಾರು ಹೇಳಿದರು? ಕಟ್ಟುಕಥೆ ಬಿಡಿ ಎಂದೆನಲ್ಲ, ಅದರ ಜಾಗದಲ್ಲಿ ಒಂದು ನಿಜವಾದ ಹೆಸರನ್ನು ಕೊಡುತ್ತೇನೆ. ಫಾರೂಕ್ ಅಲ್-ಬಾಝ್. 1938ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಭೂವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ ತಾಯ್ನಾಡಿಗೆ ಮರಳಿದರೆ ಅವರಿಗೆ ಸಿಕ್ಕಿದ್ದು ರಸಾಯನಶಾಸ್ತ್ರ ಪಾಠ ಮಾಡುವ ಹುದ್ದೆ! ಮತ್ತೆ ಅಮೆರಿಕಕ್ಕೆ ಹೋಗಿ, ಕೆಲಸಕ್ಕಾಗಿ ಅರ್ಜಿ ಮೇಲೆ ಅರ್ಜಿ ಹಾಕಿ, 1967ರಲ್ಲಿ ನಾಸಾಕ್ಕಾಗಿ ದುಡಿಯುತ್ತಿದ್ದ ಬೆಲ್‌ಕಾಮ್ ಸಂಸ್ಥೆ ಸೇರಿದರು. ಚಂದ್ರನ ಸಾವಿರಾರು ಛಾಯಾಚಿತ್ರಗಳನ್ನು ಒಂದೊಂದಾಗಿ ನೋಡಿ ವಿಂಗಡಿಸಿದರು. ಇಳಿಯುವ ಸ್ಥಳಗಳನ್ನು ಆರಿಸುವ ಸಮಿತಿಗೆ ಕಾರ್ಯದರ್ಶಿಯಾದರು. ಮೇಲಿನಿಂದ ನೆಲವನ್ನು ಓದುವುದು ಹೇಗೆ ಎಂದು ಯಾತ್ರಿಗಳಿಗೆ ಕಲಿಸಿದರು. ಅಪೋಲೋ 15ರಲ್ಲಿ ಒಬ್ಬಂಟಿಯಾಗಿ ಚಂದ್ರನ ಸುತ್ತ ತಿರುಗಿದ ಆಲ್ ವರ್ಡನ್ ಅವರ ಶಿಷ್ಯ. ಈಜಿಪ್ಟಿನ ದೊರೆ ಫಾರೂಕನ ಹೆಸರಿನಿಂದಾಗಿ ಯಾತ್ರಿಗಳು ಅವರನ್ನು ತಮಾಷೆಗೆ 'ಕಿಂಗ್' ಎನ್ನುತ್ತಿದ್ದರು. ಚಂದ್ರನ ಕೆಲಸ ಮುಗಿದ ಮೇಲೆ ಅದೇ ವಿದ್ಯೆಯನ್ನು ಅವರು ಮರುಭೂಮಿಗಳ ಕಡೆ ತಿರುಗಿಸಿ, ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಅಂತರ್ಜಲದ ಸುಳಿವು ಹುಡುಕಿದರು. ಒಂದು ಅರ್ಜಿ ತಿರಸ್ಕೃತವಾದರೆ ಮಂಕಾಗಿ ಕೂರುವ ನಮ್ಮ ಪದವೀಧರರು ಇವರ ಬಗ್ಗೆ ಓದಲಿ ಎಂಬುದು ನನ್ನ ಆಸೆ.

ಚಂದ್ರನ ಓಟದಲ್ಲಿ ಸೋತ ಸೋವಿಯತ್ ಒಕ್ಕೂಟ ಬೇರೆ ದಾರಿ ಹಿಡಿಯಿತು. ಅವರ ದೈತ್ಯ ರಾಕೆಟ್ ಎನ್1 ನಾಲ್ಕು ಸಲ ಹಾರಿ ನಾಲ್ಕೂ ಸಲ ವಿಫಲವಾಯಿತು. ಆದರೆ 1971ರ ಏಪ್ರಿಲ್ 19ರಂದು ಅವರು ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂಟ್ 1ನ್ನು ಕಕ್ಷೆಗೆ ಏರಿಸಿದರು.

ಆ ನಿಲ್ದಾಣದಲ್ಲಿ ವಾಸ ಮಾಡಿದ ಮೊದಲ ಮೂವರ ವಿಚಾರ ಹೇಳಲೇಬೇಕು. ಸೋಯುಜ್ 11ರಲ್ಲಿ ಹೋಗಬೇಕಿದ್ದ ತಂಡವೇ ಬೇರೆ. ಹೊರಡುವ ಕೆಲವೇ ದಿನ ಮೊದಲು ಅವರಲ್ಲಿ ಒಬ್ಬರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಕಲೆ ಕಂಡಿತು. ಕ್ಷಯ ಇರಬಹುದೆಂದು ಇಡೀ ತಂಡವನ್ನೇ ಬದಲಿಸಿದರು. ಆ ಕಲೆ ಕ್ಷಯವಲ್ಲವೆಂದು ಆಮೇಲೆ ತಿಳಿಯಿತು. ಬದಲಿಗೆ ಹೋದವರು ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್. ಮೂರು ವಾರಕ್ಕೂ ಹೆಚ್ಚು ಕಾಲ ಅಲ್ಲಿದ್ದರು, ಪತ್ಸಾಯೆವ್ ತನ್ನ 38ನೇ ಹುಟ್ಟುಹಬ್ಬವನ್ನು ಅಲ್ಲೇ ಕಂಡರು. ಜೂನ್ 30ರಂದು ಹಿಂದಿರುಗುವಾಗ, ನೌಕೆಯ ಭಾಗಗಳು ಬೇರ್ಪಟ್ಟ ಆ ಕ್ಷಣದಲ್ಲಿ ಗಾಳಿ ಬಿಡುವ ಒಂದು ಕವಾಟ ಸುಮಾರು 168 ಕಿಲೋಮೀಟರ್ ಎತ್ತರದಲ್ಲೇ ತೆರೆದುಕೊಂಡಿತು. ಕೈಯಿಂದ ಅದನ್ನು ಮುಚ್ಚಲು ಬೇಕಾದಷ್ಟು ಹೊತ್ತು ಪ್ರಜ್ಞೆ ಉಳಿಯುವಂತಿರಲಿಲ್ಲ. ನೌಕೆ ಮಾತ್ರ ಸ್ವಯಂಚಾಲಿತವಾಗಿ ಕಝಾಕಿಸ್ತಾನದಲ್ಲಿ ಸರಿಯಾಗಿಯೇ ಇಳಿಯಿತು. ಬಾಗಿಲು ತೆಗೆದವರು ಕಂಡದ್ದು ಆಸನದಲ್ಲಿ ಕುಳಿತಂತೆಯೇ ಇದ್ದ ಮೂವರು ಮೃತರನ್ನು. ಮೂವರಿಗೆ ರಕ್ಷಣಾ ಉಡುಪು ತೊಟ್ಟು ಕೂರುವಷ್ಟು ಜಾಗ ಆ ನೌಕೆಯಲ್ಲಿ ಇರಲಿಲ್ಲ. ಆಮೇಲೆ ವರ್ಷಗಟ್ಟಲೆ ಸೋಯುಜ್‌ನಲ್ಲಿ ಇಬ್ಬರೇ, ಉಡುಪು ತೊಟ್ಟೇ ಹೋದರು. ಮುಂಚೆಯೇ ಹಾಗೆ ಮಾಡಬಹುದಿತ್ತು.

ಅಮೆರಿಕದ ಸ್ಕೈಲ್ಯಾಬ್ 1973ರ ಮೇ 14ರಂದು ಮೇಲೇರುವಾಗಲೇ ಗಾಯಗೊಂಡಿತು. ಬಿಸಿಲಿನ ರಕ್ಷಾ ಹೊದಿಕೆ ಹರಿದುಹೋಗಿ ಒಳಗೆ ಸುಮಾರು 50 ಡಿಗ್ರಿ ಸೆಕೆ. ಮೊದಲ ತಂಡ ಒಂದು ಕಿಂಡಿಯಿಂದ ಕೊಡೆಯಂಥ ಹೊದಿಕೆ ತೂರಿಸಿ ಹೊರಗೆ ಬಿಚ್ಚಿ ನೆರಳು ಮಾಡಿತು. ಕೊನೆಯ ತಂಡ ಅಲ್ಲಿ 84 ದಿನ ಬಾಳಿತು. ಈ ಹೆಸರು ನಿಮ್ಮ ಅಜ್ಜ ಅಜ್ಜಿಯರಿಗೆ ಬೇರೆ ಕಾರಣಕ್ಕೆ ನೆನಪಿರುತ್ತದೆ, ಕೇಳಿ ನೋಡಿ. 1979ರ ಜುಲೈನಲ್ಲಿ ಅದು ನಮ್ಮ ತಲೆಯ ಮೇಲೇ ಬೀಳುತ್ತದೆಂದು ಊರೂರಲ್ಲಿ ಭಯ ಹಬ್ಬಿತ್ತು. ನಾಳೆ ಇರುತ್ತೇವೋ ಇಲ್ಲವೋ ಎಂದು ಸಾಕಿದ ಕೋಳಿಗಳನ್ನು ಕೊಯ್ದು ಉಂಡವರಿದ್ದರೆಂದು ಹಿರಿಯರು ಹೇಳುತ್ತಾರೆ. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಕೋಳಿಗಳು ಮಾತ್ರ ಹೋದವು!

1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಸಲ್ಯೂಟ್ 7ಕ್ಕೆ ಹೋದರು. ಅವರಿಗೆ ಊಟದ ಪೊಟ್ಟಣ ಹೋದದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಿಂದ, ಸೂಜಿ ಹಲ್ವಾ ಮತ್ತು ತರಕಾರಿ ಪಲಾವು ಸಹಿತ. ರಾಕೆಟ್ ನಡೆಸುವವರು ಮಾತ್ರ ಈ ಕೆಲಸಕ್ಕೆ ಬೇಕೆಂದು ತಿಳಿಯಬೇಡಿ. ಆಹಾರ ವಿಜ್ಞಾನ ಓದಲು ಹೋಗುತ್ತೇನೆಂದ ಮಗಳನ್ನು ತಡೆಯುವ ತಂದೆ ತಾಯಂದಿರು ಇಲ್ಲಿದ್ದರೆ ಇದನ್ನು ಸ್ವಲ್ಪ ಗಮನಿಸಬೇಕು.

ಮಕ್ಕಳೇ, ನಿಮಗೊಂದು ಸಣ್ಣ ಕೆಲಸ. ತಿಂಗಳ ಹೊಸ ಚಂದ್ರ ಕಂಡ ಒಂದು ವಾರದ ನಂತರ, ಅರ್ಧಚಂದ್ರ ಇರುವಾಗ ಸಂಜೆ ಮಾಳಿಗೆ ಹತ್ತಿ. ಬೆಳಗಿದ ಭಾಗದಲ್ಲಿ ಬೂದು ಬಣ್ಣದ ಕಲೆಗಳು ಬರಿಗಣ್ಣಿಗೇ ಕಾಣುತ್ತವೆ. ಅವುಗಳಲ್ಲೊಂದು 'ಪ್ರಶಾಂತ ಸಾಗರ', ಆರ್ಮ್‌ಸ್ಟ್ರಾಂಗ್ ಇಳಿದ ಜಾಗ. ಯಾವುದೆಂದು ಗುರುತಿಸಿ, ಚಿತ್ರ ಬರೆದು ನನಗೆ ತಂದು ತೋರಿಸಿ.