ಕಲಿಕೆಗೆ ಕೊಟ್ಟ ವರ್ಷಗಳು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳ ಅಂಗವಿಕಲರ ಸ್ವಂತ ದುಡಿಮೆಯ ಬಗ್ಗೆ ಮಾತಾಡಲು ನಾವಿಲ್ಲಿ ಸೇರಿದ್ದೇವೆ. ಈ ವಿಷಯಕ್ಕೆ ಮಾದರಿಯನ್ನು ನಾವು ದೂರದಲ್ಲಿ ಹುಡುಕಬೇಕಿಲ್ಲ. 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಕೂಸು ಹುಟ್ಟಿತು. ಹುಟ್ಟುಗುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಹಾಡಿಕೊಂಡು ಬೆಳೆಯುತ್ತಿದ್ದ ಈ ಹುಡುಗರ ಕಂಠವನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಗುರುತಿಸಿದರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದದ್ದು ನಿಮಗೆಲ್ಲ ಗೊತ್ತು. ಗೊತ್ತಿರುವ ಈ ಕಥೆಯನ್ನು ಭಕ್ತಿಯಿಂದ ಕೇಳಿ ಕೈಮುಗಿಯುವ ರೂಢಿ ನಮಗಿದೆ. ಇವತ್ತು ಅದನ್ನು ಜೀವನೋಪಾಯದ ಕಥೆಯಾಗಿಯೂ ಓದೋಣ ಎಂಬುದು ನನ್ನ ಬಿನ್ನಹ.

ಸ್ವಾಮಿಗಳು ಆ ಹುಡುಗನಿಗೆ ಊಟ ಹಾಕಿ ಕಳಿಸಿಬಿಡಬಹುದಿತ್ತು. ಆ ಕಾಲಕ್ಕೆ ಅದೇ ದೊಡ್ಡ ಪುಣ್ಯದ ಕೆಲಸವಾಗಿ ಕಾಣುತ್ತಿತ್ತು. ಅವರು ಮಾಡಿದ್ದು ಬೇರೆ: ವರ್ಷಗಟ್ಟಲೆ ಕಲಿಯುವ ಅನುಕೂಲ ಮಾಡಿಕೊಟ್ಟರು. ಕರ್ನಾಟಕ ಸಂಗೀತವನ್ನು, ಅದರ ಮೇಲೆ ಹಿಂದೂಸ್ತಾನಿಯನ್ನು, ಎರಡನ್ನೂ ಅರೆಬರೆಯಾಗಿ ಅಲ್ಲ, ಪಂಡಿತರ ಸಭೆಯಲ್ಲಿ ಕೂತು ಹಾಡುವಷ್ಟು ಕಲಿಯುವ ಅನುಕೂಲ. 'ಕುರುಡನಿಗೆ ಇಷ್ಟು ಸಾಕು' ಎಂಬ ಅಳತೆ ಅಲ್ಲಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ.

ಎರಡನೆಯ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಕಲಿತ ವಿದ್ಯೆಗೆ ನಮ್ಮ ಹಳ್ಳಿಗಳಲ್ಲೇ ಬೇಡಿಕೆ ಇತ್ತು. ಶ್ರಾವಣ ಬಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣಕ್ಕೆ ಗವಾಯಿ ಬೇಕು, ತಬಲಾ ಸಾಥಿ ಬೇಕು. ಜಾತ್ರೆಗೆ ಕೀರ್ತನೆ ಬೇಕು, ನಾಟಕಕ್ಕೆ ಪೇಟಿ ಮಾಸ್ತರ ಬೇಕು. ಪಂಚಾಕ್ಷರಿ ಗವಾಯಿಗಳು ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಹುಡುಗರು ಈ ಕೆಲಸಗಳಿಗೆ ಹೋದರು. ಅವರನ್ನು ಕರೆಸಿದ ಊರಿಗೆ ಅವರ ಹಾಡು ಬೇಕಾಗಿತ್ತು. ಕಣ್ಣಿದ್ದವರೂ ಕಣ್ಣಿಲ್ಲದ ಗುರುವಿನ ಮುಂದೆ ಕೂತು ಕಲಿತರು. ಬಸವರಾಜ ರಾಜಗುರು ಅವರಲ್ಲೊಬ್ಬರು.

ಹಾನಗಲ್ಲ ತಾಲ್ಲೂಕಿನದೇ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರು ಪಂಚಾಕ್ಷರಿ ಗವಾಯಿಗಳ ನಂತರ ಆಶ್ರಮದ ಹೊಣೆ ಹೊತ್ತರು. ನೂರಾರು ಮಕ್ಕಳ ಅನ್ನದ ಖರ್ಚಿಗೆ ಅವರು ಬರೀ ಕಾಣಿಕೆಯನ್ನು ನಂಬಿ ಕೂರಲಿಲ್ಲ. ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕ ಬರೆದರು, ಊರೂರು ಕ್ಯಾಂಪ್ ಹಾಕಿಸಿದರು. ಟಿಕೆಟ್ಟಿನ ದುಡ್ಡು ಆಶ್ರಮದ ಒಲೆಗೆ ಬಂತು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ಕಾಲಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅವರಲ್ಲಿ ಶೇ 69ರಷ್ಟು ಜನ ಹಳ್ಳಿಗಳಲ್ಲಿದ್ದಾರೆ. ನಮ್ಮ ರಾಜ್ಯದಲ್ಲಿ 13 ಲಕ್ಷ ದಾಟುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ 5ರ ಪಾಲನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆಯನ್ನು ಕೊಟ್ಟಿದೆ. ಕಾನೂನು ನಮ್ಮ ಕಡೆಗಿದೆ. ಆದರೆ ಕೈಗೆ ಬರುವುದು ಬಹುಪಾಲು ಒಂದು ಹೊಲಿಗೆ ಯಂತ್ರ, ಇಲ್ಲವೇ ಗೂಡಂಗಡಿಗೆ ಸಾಲ. ಐದಾರು ಕಿರಾಣಿ ಅಂಗಡಿಗಳಿರುವ ಓಣಿಯಲ್ಲಿ ಏಳನೆಯದನ್ನು ತೆರೆದವನ ಸರಕನ್ನು ಯಾರು ಕೊಳ್ಳಬೇಕು? ಅಂಗಡಿ ಮುಚ್ಚಿದಾಗ 'ಇವನ ಕೈಲಿ ಆಗಲಿಲ್ಲ' ಎಂದು ಊರು ಮಾತಾಡುತ್ತದೆ. ಆ ಮಾತು ಅನ್ಯಾಯದ್ದು. ಅವನಿಗೆ ಸಾಲ ಕೊಟ್ಟೆವು, ಕಲಿಕೆ ಕೊಡಲಿಲ್ಲ. ಯಂತ್ರ ಕೊಟ್ಟೆವು, ಗಿರಾಕಿ ಎಲ್ಲಿದ್ದಾನೆಂದು ನೋಡಲಿಲ್ಲ.

ಈ ನೆಲದಲ್ಲಿ ಬೇಡಿಕೆಯ ಕೆಲಸಗಳಿಗೆ ಬರವಿಲ್ಲ. ಕೊಳವೆಬಾವಿ ಇದ್ದಲ್ಲೆಲ್ಲ ಮೋಟಾರು ಸುಡುತ್ತದೆ. ಅದರ ವೈಂಡಿಂಗ್ ಕೂತು ಮಾಡುವ ಕೆಲಸ, ಕಾಲಿನ ಬಲ ಬೇಡ, ಕೈಯ ನಿಖರತೆ ಬೇಕು. ಸವಣೂರಿನ ವೀಳ್ಯದೆಲೆಯನ್ನು ಆರಿಸಿ, ಎಣಿಸಿ ಕಟ್ಟಬೇಕು. ಗೋವಿನಜೋಳ ಬೆಳೆಯುವ ಈ ಸೀಮೆಯಲ್ಲಿ ದನದ ಹಿಂಡಿಗೆ ಬೇಡಿಕೆ ತಪ್ಪುವುದಿಲ್ಲ. ಮೊಬೈಲ್ ರಿಪೇರಿಗೆ ಜನ ಈಗಲೂ ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಬರುತ್ತಾರೆ. ಆದರೆ ಯಾವುದೂ ಮೂರು ದಿನದ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ಕಲಿಯುವಷ್ಟು ಕಾಲ ಇರಲು ಜಾಗ, ಉಣ್ಣಲು ಅನ್ನ, ಓಡಾಡಲು ವಾಹನ ಬೇಕು. ಹುಡುಗಿಯಾದರೆ ಮನೆಯವರು ನಂಬಿ ಕಳಿಸುವಂಥ ವಸತಿ ಬೇಕು. ಇದೊಂದಿಲ್ಲದೆ ಎಷ್ಟೋ ಜಾಣ ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ಉಳಿದಿದ್ದಾರೆ. ಕಿವಿ ಕೇಳದವರಿಗೆ ಕೈಸನ್ನೆ ಬಲ್ಲ ಗುರು ಬೇಕು. ಗವಾಯಿಗಳ ದಾರಿ ಇವರೆಲ್ಲರನ್ನೂ ಮುಟ್ಟಲಿಲ್ಲ. ಆ ಉಳಿದ ಕೆಲಸ ನಮ್ಮದು.

ವಿದ್ವಾಂಸರಲ್ಲಿ ನನ್ನ ಕೋರಿಕೆ ಇಷ್ಟು. ಎಷ್ಟು ಮಂದಿಗೆ ಸಾಲ ಹಂಚಲಾಯಿತು ಎಂಬ ಪಟ್ಟಿಗೆ ಅಧ್ಯಯನವನ್ನು ನಿಲ್ಲಿಸಬೇಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಲ ಪಡೆದವರ ಮನೆಗೆ ಐದು ವರ್ಷದ ಮೇಲೆ ಹೋಗಿ, ದುಡಿಮೆ ನಡೆದಿದೆಯೇ ಎಂದು ಕೇಳಿ ಬರೆಯಿರಿ. ಪಂಚಾಯಿತಿಯವರಲ್ಲಿ ಇನ್ನೊಂದು ಕೋರಿಕೆ: ನಿಮ್ಮ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆಂದು ತೆಗೆದಿಡುವ ಶೇ 5ರ ಹಣವನ್ನು ವರ್ಷದ ಕೊನೆಗೆ ತುಂಡು ತುಂಡಾಗಿ ಹಂಚಿ ಮುಗಿಸಬೇಡಿ. ನಿಮ್ಮೂರಿನ ಒಬ್ಬ ಹುಡುಗ, ಒಬ್ಬ ಹುಡುಗಿ ಒಂದು ಕಸುಬನ್ನು ಪೂರಾ ಕಲಿತು ಬರುವವರೆಗಿನ ಖರ್ಚಿಗೆ ಅದನ್ನು ಕೊಡಿ.